ಒಂಬತ್ತೂವರೆಯ ರೊಟ್ಟಿ

ನಮ್ಮ ಮನೆಯಲ್ಲಿ ಬೆಳಗಿನ ರೊಟ್ಟಿ ಹೆಂಚಿನಿಂದ ಇಳಿಯುತ್ತಿದ್ದುದು ಒಂಬತ್ತೂವರೆಗೆ. ಅಪ್ಪ ಆರು ಗಂಟೆಗೇ ಬೆಲ್ಲದ ಕಾಫಿ ಕುಡಿದು, ಕತ್ತಿ ಹಿಡಿದು ತೋಟಕ್ಕೆ ಇಳಿದರೆ ಒಂಬತ್ತೂವರೆಗೆ ಕೈಕಾಲು ತೊಳೆದುಕೊಂಡು ಒಳಗೆ ಬರುತ್ತಿದ್ದ. ಅಷ್ಟರಲ್ಲಿ ಅಮ್ಮ ಕೊಟ್ಟಿಗೆ ಕೆಲಸ ಮುಗಿಸಿರುತ್ತಿದ್ದಳು. ಆಮೇಲೆ ಎಲ್ಲರೂ ಸಾಲಾಗಿ ಕೂತು ಅಕ್ಕಿರೊಟ್ಟಿ, ಇಲ್ಲವೇ ಕಡುಬು, ಜೊತೆಗೆ ಹುಚ್ಚೆಳ್ಳು ಚಟ್ನಿ. ಒಂದು ಕೆಲಸವನ್ನಾದರೂ ಮುಗಿಸದೆ ತಿಂಡಿ ಕೇಳಿದವರನ್ನು ಅಜ್ಜಿ ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡುತ್ತಿದ್ದಳು, ಅಷ್ಟೇ. ಆ ನೋಟ ಬಿದ್ದ ಮೇಲೆ ಹಸಿವು ತಾನಾಗಿಯೇ ಓಡಿಹೋಗುತ್ತಿತ್ತು. ಬೆಳಗೋಡಿನ ಸುತ್ತ ನಮ್ಮ ಹಾಗೆ ನಾಲ್ಕೈದು ಎಕರೆ ಕಾಫಿ, ಒಂದಿಷ್ಟು ಗದ್ದೆ ಇದ್ದ ಮನೆಗಳಲ್ಲೆಲ್ಲ ಹೆಚ್ಚು ಕಡಿಮೆ ಇದೇ ಪದ್ಧತಿ.

ತೊಂದರೆ ಏನೆಂದರೆ, ಸಕಲೇಶಪುರದ ಹೈಸ್ಕೂಲಿಗೆ ಹೋಗುವ ನನ್ನ ಬಸ್ಸು ಏಳೂವರೆಗೆ. ಅದು ಬಿಟ್ಟರೆ ಹತ್ತಕ್ಕೆ. ಏಳಕ್ಕೇ ಮನೆ ಬಿಟ್ಟು ಕಾಫಿಗಿಡಗಳ ಮಧ್ಯದ ಕಾಲುದಾರಿಯಲ್ಲಿ ರಸ್ತೆಗೆ ಓಡಬೇಕಿತ್ತು. ಹಾಗಾಗಿ ನನ್ನ ತಿಂಡಿ ಎಂದರೆ ದೊಡ್ಡ ಲೋಟದ ತುಂಬ ಬೆಲ್ಲದ ಕಾಫಿ. ಮಧ್ಯಾಹ್ನದ ಡಬ್ಬಿಗೆ ಅಮ್ಮ ರಾತ್ರಿ ಮಿಕ್ಕ ಅನ್ನಕ್ಕೆ ಒಗ್ಗರಣೆ ಹಾಕಿ ತುಂಬಿಸುತ್ತಿದ್ದಳು. ಬಿಸಿ ರೊಟ್ಟಿಯ ಮುಖ ನೋಡುತ್ತಿದ್ದುದು ಭಾನುವಾರ ಮಾತ್ರ. ಇದರಲ್ಲಿ ತಪ್ಪೇನಾದರೂ ಇದೆ ಎಂದು ಮನೆಯಲ್ಲಿ ಯಾರಿಗೂ ಅನಿಸಿರಲಿಲ್ಲ, ನನಗೂ ಅನಿಸಿರಲಿಲ್ಲ.

ಶಾಲೆಯಲ್ಲಿ ಮೊದಲ ಪೀರಿಯಡ್ಡೇ ಗಣಿತ. ಹತ್ತನೇ ತರಗತಿಯ ಅರ್ಧ ವರ್ಷ ನನಗೂ ಗಣಿತಕ್ಕೂ ಎಣ್ಣೆ ಸೀಗೇಕಾಯಿ. ಬೋರ್ಡಿನ ಮೇಲಿನ ಅಂಕಿಗಳು ಒಂದರ ಮೇಲೊಂದು ಹತ್ತಿ ಕೂರುತ್ತಿದ್ದವು. ಕೈ ನಡುಗುತ್ತಿತ್ತು, ಬೆವರು ಬರುತ್ತಿತ್ತು, ಯಾರಾದರೂ ಮಾತಾಡಿಸಿದರೆ ಮೈಮೇಲೆ ಬೀಳುತ್ತಿದ್ದೆ. ನಾನು ಹುಟ್ಟು ಸಿಡುಕಿ ಎನ್ನುವುದು ನಿಜವೇ, ಆದರೆ ಬೆಳಗಿನ ಹೊತ್ತು ಅದಕ್ಕೆ ಕೊಂಬು ಮೂಡುತ್ತಿತ್ತು. ಸಂಜೆ ಮನೆಗೆ ಬಂದು ಊಟ ಮಾಡಿ ಅದೇ ಲೆಕ್ಕಗಳನ್ನು ಹಾಡಿಕೊಂಡು ಮಾಡುತ್ತಿದ್ದೆ. ಕೊನೆಗೆ ಅದೇ ನನಗೆ ಮುಳುವಾಯಿತು.

ಗಣಿತದ ಮೇಷ್ಟ್ರು ಬಯಲುಸೀಮೆಯವರು. ಒಬ್ಬರೇ ರೂಮು ಮಾಡಿಕೊಂಡು, ತಾವೇ ರೊಟ್ಟಿ ತಟ್ಟಿಕೊಂಡು ಇದ್ದವರು. ನನ್ನ ಹೋಮ್‌ವರ್ಕ್ ನೋಡಿ, ಆಮೇಲೆ ಬೋರ್ಡಿನ ಮುಂದೆ ಕಂಬದ ಹಾಗೆ ನಿಂತ ನನ್ನನ್ನು ನೋಡಿ ಕೇಳಿದರು: "ಇದನ್ನ ಮನೇಲಿ ಯಾರಮ್ಮ ಮಾಡ್ಕೊಡ್ತಾರೆ?"

"ನಾನೇ ಸಾರ್."

"ಹಂಗಾದ್ರೆ ಇಲ್ಲೂ ಮಾಡು, ನಾವೂ ಕಣ್ತುಂಬ ನೋಡ್ತೀವಿ."

ಕ್ಲಾಸೆಲ್ಲ ನಕ್ಕಿತು. ನನಗೆ ಅಳುವುದಕ್ಕಿಂತ ಸೀಮೆಸುಣ್ಣ ಅಗಿದು ಉಗಿಯಬೇಕು ಅನಿಸಿತ್ತು.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನೂರಕ್ಕೆ ಹತ್ತೊಂಬತ್ತು ಬಂತು. ಅಪ್ಪ ಅಂಕಪಟ್ಟಿಯನ್ನು ಬಿಸಿಲಿಗೆ ಹಿಡಿದು ಎರಡು ಸಲ ನೋಡಿದ. "ಮಾರಾಯ್ತಿ, ಮಾರ್ಚಲ್ಲೂ ಹಿಂಗೇ ಆದ್ರೆ ಮನೇಲೇ ಇದ್ಬುಡು. ಕಾಫಿ ಕುಯ್ಯೋಕೆ ಆಳೇ ಸಿಗ್ತಿಲ್ಲ" ಎಂದ. ನಗುತ್ತಲೇ ಅಂದ, ಆದರೆ ಅದು ತಮಾಷೆಯಲ್ಲ ಎಂದು ನನಗೆ ಗೊತ್ತಿತ್ತು. ಹಿಂದಿನ ವರ್ಷ ಫೇಲಾದ ಪಕ್ಕದ ಮನೆಯ ಅಕ್ಕ ಆಗ ಸೊಂಟಕ್ಕೆ ಚೀಲ ಕಟ್ಟಿಕೊಂಡು ನಮ್ಮ ತೋಟದಲ್ಲೇ ಹಣ್ಣು ಕುಯ್ಯುತ್ತಿದ್ದಳು. ನನಗೆ ಕಾಲೇಜಿಗೆ ಹೋಗಬೇಕಿತ್ತು. ಅದೊಂದೇ ಬೇಕಿತ್ತು.

ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಬಂದಿತು, ಅಂಕ ಬರಲಿಲ್ಲ. ಆಮೇಲೆ ಕಾಫಿ ಬೆಳೆಯುವವರಿಗೆ ಮಾತ್ರ ಹೊಳೆಯುವಂಥ ಮದ್ದು ಹುಡುಕಿದಳು. "ಇನ್ನೊಂದ್ ಲೋಟ ಕುಡ್ದು ಹೋಗು, ತಲೆ ಚುರುಕಾಯ್ತೈತೆ." ತಲೆನೋವಿಗೆ, ನೆಗಡಿಗೆ, ಬೇಜಾರಿಗೆ, ನೆಂಟರಿಗೆ ಎಲ್ಲಕ್ಕೂ ನಮ್ಮಲ್ಲಿ ಕಾಫಿಯೇ ತಾನೆ! ಎರಡು ಲೋಟ ಕುಡಿದು ಹೋದ ದಿನಗಳಲ್ಲಿ ನನ್ನ ಕೈ ನಡುಕಕ್ಕೆ ಸ್ಕೇಲಿಟ್ಟು ಗೆರೆ ಎಳೆದರೂ ಹಾವು ಹರಿದ ಹಾಗೆ ಇರುತ್ತಿತ್ತು.

ಜನವರಿಯಲ್ಲಿ ಟೈಮ್‌ಟೇಬಲ್ ಬದಲಾಗಿ ಗಣಿತ ಮಧ್ಯಾಹ್ನ ಎರಡಕ್ಕೆ ಹೋಯಿತು. ಅದೇ ವಾರ ಒಂದು ಟೆಸ್ಟ್ ಇತ್ತು. ನನಗೆ ಐವತ್ತಕ್ಕೆ ನಲವತ್ತೊಂದು! ಮೇಷ್ಟ್ರು ಪೇಪರ್ ಕೊಡದೆ ಕೈಯಲ್ಲೇ ಇಟ್ಟುಕೊಂಡು, "ಪಕ್ಕದವಳದ್ದು ನೋಡಿ ಬರೆದ್ಯಾ?" ಅಂದರು.

ಪಕ್ಕದವಳಿಗೆ ಇಪ್ಪತ್ತೆರಡು ಬಂದಿತ್ತು. ನನಗೆ ರೇಗಿಹೋಯಿತು. "ಇಪ್ಪತ್ತೆರಡು ತಗೊಂಡೋಳ್ನ ನೋಡಿ ನಲವತ್ತೊಂದು ಹೆಂಗ್ ಸಾರ್ ಬರಿಯೋದು?"

ಈ ಸಲ ಕ್ಲಾಸು ನಕ್ಕಿದ್ದು ನನ್ನ ಪರವಾಗಿ. ಮೇಷ್ಟ್ರ ಮೀಸೆಯೂ ಸ್ವಲ್ಪ ಅಲುಗಿತು. ಆದರೂ ಬಿಡಲಿಲ್ಲ. ನಾಳೆ ಪ್ರಾರ್ಥನೆಗೆ ಮುಂಚೆ ಸ್ಟಾಫ್‌ರೂಮಿಗೆ ಬಂದು ಎದುರಿಗೇ ಒಂದು ಲೆಕ್ಕ ಮಾಡಿ ತೋರಿಸು ಅಂದರು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಅವರ ಮೇಜಿನ ಮುಂದೆ ನಿಂತೆ. ಹಿಂದಿನ ದಿನ ಮಾಡಿದ್ದ ಲೆಕ್ಕವನ್ನೇ ಕೊಟ್ಟರು. ಎರಡನೇ ಸಾಲಿಗೆ ಬರುವಷ್ಟರಲ್ಲಿ ಪೆನ್ನು ಕೈಯಿಂದ ಜಾರಿ ಉರುಳಿಹೋಯಿತು. ಮೇಷ್ಟ್ರು ಪೆನ್ನು ಎತ್ತಿಕೊಟ್ಟು, ಹಾಳೆಯನ್ನು ಬಿಟ್ಟು ನನ್ನ ಬೆರಳುಗಳನ್ನೇ ನೋಡತೊಡಗಿದರು.

"ಬೆಳಗ್ಗೆ ಏನು ತಿಂದೆ?"

"ಕಾಫಿ ಸಾರ್."

"ಕುಡಿದಿದ್ದು ಕೇಳ್ಲಿಲ್ಲ, ತಿಂದಿದ್ದು ಕೇಳ್ದೆ."

"ರೊಟ್ಟಿ ಆಗೋದು ಒಂಬತ್ತೂವರೆಗೆ ಸಾರ್."

"ಅದೇನು ಬಸ್ಸು ಹತ್ಕೊಂಡು ಇಲ್ಲಿಗೆ ಬರುತ್ತಾ?"

ಹಾಗೆಂದವರೇ ತಮ್ಮ ಡಬ್ಬಿ ತೆಗೆದರು. ಎರಡು ರಾಗಿರೊಟ್ಟಿ, ಒಂದು ಈರುಳ್ಳಿ ಚೂರು. ಬೇಡ ಸಾರ್ ಅನ್ನುತ್ತಲೇ ಎರಡನ್ನೂ ಮುಗಿಸಿಬಿಟ್ಟೆ. ಪ್ರಾರ್ಥನೆ ಮುಗಿದ ಮೇಲೆ ಅದೇ ಲೆಕ್ಕ ಮಾಡಿದೆ, ಸರಿಯಾಯಿತು. ಮೇಷ್ಟ್ರು ಮೇಜು ಗುದ್ದಿ ಎಷ್ಟು ಜೋರಾಗಿ ನಕ್ಕರೆಂದರೆ ಪಕ್ಕದಲ್ಲಿದ್ದ ಹಿಂದಿ ಟೀಚರ್ ಬೆಚ್ಚಿಬಿದ್ದರು. ನನ್ನ ನೋಟ್‌ಬುಕ್ಕಿನಲ್ಲಿ ಅಪ್ಪನಿಗೆ ಎರಡೇ ಸಾಲು ಬರೆದರು: 'ನಿಮ್ಮ ಮಗಳಿಗೆ ಗಣಿತ ಚೆನ್ನಾಗಿ ಬರುತ್ತದೆ. ಬೆಳಿಗ್ಗೆ ಹೊಟ್ಟೆಗೆ ಹಾಕಿ ಕಳಿಸಿ.'

ಅಪ್ಪ ಓದಿದ. ಅಜ್ಜಿ ಸೊಂಟಕ್ಕೆ ಕೈಯಿಟ್ಟಳು. "ನಾವೇನ್ ಮಗೀನ ಉಪಾಸ ಕೆಡವ್ತೀವಿ ಅಂತ ಬರ್ದವ್ನಾ ಅವ್ನು?" ಬೈದದ್ದೇನೋ ಬೈದಳು, ಮರುದಿನ ಆರೂವರೆಗೇ ನನ್ನ ಮುಂದೆ ಎರಡು ಬಿಸಿ ರೊಟ್ಟಿ ಇಟ್ಟಳು.

ಈಗ ಕೇಳಿ ತಮಾಷೆ. ತಿನ್ನಲು ನನಗೆ ಆಗಲಿಲ್ಲ. ಅಪ್ಪ ಖಾಲಿ ಹೊಟ್ಟೆಯಲ್ಲಿ ಕತ್ತಿ ಹಿಡಿದು ಮುಂದೆ ಹೋಗುತ್ತಿದ್ದಾನೆ, ಅಮ್ಮ ಸಗಣಿ ಮಂಕರಿ ಹೊತ್ತು ಹಿಂದೆ ಹೋಗುತ್ತಿದ್ದಾಳೆ, ಕಡ್ಡಿ ಎತ್ತಿಡದ ನಾನು ಕೂತು ರೊಟ್ಟಿ ಮುರಿಯುವುದೇ? ಚೀಲಕ್ಕೆ ಹಾಕಿಕೊಂಡರೆ ಬಸ್ಸಿಳಿಯುವಷ್ಟರಲ್ಲಿ ಗೆಳತಿಯರು ಖಾಲಿ ಮಾಡುತ್ತಿದ್ದರು. ಅರ್ಧ ರೊಟ್ಟಿ, ಕಾಲು ರೊಟ್ಟಿ, ಹೀಗೇ ಮಾರ್ಚ್ ಬಂತು. ತಟ್ಟೆಯಲ್ಲಿ ಮಿಕ್ಕ ತುಂಡುಗಳನ್ನು ಅಜ್ಜಿ ನೋಡುತ್ತಿದ್ದಳು.

ಗಣಿತ ಪರೀಕ್ಷೆಯ ದಿನ. ಅದೂ ಬೆಳಿಗ್ಗೆಯೇ. ಹಿಂದಿನ ವಾರ ಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಹೂವಾಗಿತ್ತು, ಅಡುಗೆಮನೆಯವರೆಗೂ ಘಮ. ಆರೂವರೆಗೆ ಒಳಗೆ ಹೋದರೆ ನೆಲದ ಮೇಲೆ ನಾಲ್ಕು ತಟ್ಟೆ. ಅಪ್ಪ ತನ್ನ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಅವನ ಕತ್ತಿ ಗೋಡೆಯಲ್ಲೇ ಇತ್ತು. ಅಮ್ಮ ಚಟ್ನಿ ಬಡಿಸುತ್ತಿದ್ದಳು. ಸ್ನಾನ, ದೇವರು ಮುಗಿಯದೆ ನೀರೂ ಕುಡಿಯದ ಅಜ್ಜಿ ಆಗಲೇ ಮುಗಿಸಿ ಬಂದು ತಟ್ಟೆ ಮುಂದಿಟ್ಟುಕೊಂಡಿದ್ದಳು.

"ಅಪ್ಪಾ, ತೋಟಕ್ಕೆ ಹೋಗ್ಲಿಲ್ವಾ?"

"ತೋಟ ಎಲ್ಲೂ ಓಡೋಗಲ್ಲ. ಕೂತ್ಕೊ."

"ಕೆಲ್ಸ ಮಾಡ್ದೆ ತಿನ್ಬಾರ್ದು ಅಂತಿದ್ಯಲ್ಲಜ್ಜಿ?"

ಅಜ್ಜಿ ತಲೆಯೆತ್ತಲಿಲ್ಲ. "ಮೂರು ಗಂಟೆ ಬಗ್ಗಿ ಬರಿಯೋದು ಕೆಲ್ಸ ಅಲ್ವೇನೆ? ನಂಗೆ ಅದು ಗೊತ್ತಾಗೋಕೆ ಇಷ್ಟ್ ದಿನ ಬೇಕಾಯ್ತು ನೋಡು. ತಿನ್ನು."

ನನ್ನ ಕಣ್ಣು ತುಂಬಿತು, ಬಾಯಿಯೂ ತುಂಬಿತು. ನಾಲ್ಕು ರೊಟ್ಟಿ ತಿಂದೆ. ಇಷ್ಟು ಬೇಗ ಹಸಿವೇ ಆಗಲ್ಲ ಕಣೇ ಎಂದು ಗೊಣಗುತ್ತಿದ್ದ ಅಪ್ಪ ಐದು ತಿಂದ. ಅವತ್ತು ನನ್ನ ಕೈ ಒಂದು ಸಲವೂ ನಡುಗಲಿಲ್ಲ.

ಗಣಿತದಲ್ಲಿ ಎಂಬತ್ತು ಬಂತು. ಅಪ್ಪ ಅಂಕಪಟ್ಟಿಯನ್ನು ಮತ್ತೆ ಬಿಸಿಲಿಗೆ ಹಿಡಿದು ಎರಡು ಸಲ ನೋಡಿ, ಮೂರನೇ ಸಲ ಗಟ್ಟಿಯಾಗಿ ಓದಿದ. ಓದು ಬರಹ ಬಾರದ ಅಜ್ಜಿ ನನ್ನನ್ನು ಹತ್ತಿರ ಕರೆದಳು.

"ಅವತ್ತು ಎಷ್ಟು ರೊಟ್ಟಿ ತಿಂದಿದ್ದೆ?"

"ನಾಲ್ಕು."

ಬೆರಳು ಮಡಿಸಿದಳು. "ಒಂದ್ ರೊಟ್ಟಿಗೆ ಇಪ್ಪತ್ತು. ಇನ್ನೊಂದ್ ತಿಂದಿದ್ರೆ ನೂರಾಗ್ತಿತ್ತು. ನಂಗೂ ಲೆಕ್ಕ ಬರ್ತೈತೆ ಕಣೆ!"

ಕಾಲೇಜು ಶುರುವಾದ ದಿನ ಆರೂವರೆಗೆ ಅಡುಗೆಮನೆಗೆ ಹೋದೆ. ನೆಲದ ಮೇಲೆ ನಾಲ್ಕು ತಟ್ಟೆಗಳಿದ್ದವು. ನನ್ನ ತಟ್ಟೆಯಲ್ಲಿ ಐದು ರೊಟ್ಟಿ.