ಗಾಜಿನ ಕಿಂಡಿಯ ಪೆಟ್ಟಿಗೆ

ದೂರದಿಂದ ದುಡಿಯಲು ಬಂದವರು ಇಲ್ಲೇ ಕಣ್ಣು ಮುಚ್ಚಿದರೆ, ಅವರನ್ನು ವಿಮಾನದಲ್ಲಿ ಊರಿಗೆ ಕಳಿಸುವ ಪೆಟ್ಟಿಗೆ ಮಾಡುವುದು ಅವನ ಕಸುಬು. ತಾನೂ ಹಾಗೆ ದುಡಿಯಲು ಬಂದವನೇ. ಜನ ಪೆಟ್ಟಿಗೆಯಣ್ಣ ಎನ್ನುತ್ತಿದ್ದರು, ಎದುರಿಗೆ ಸಿಕ್ಕರೆ ಮಾತ್ರ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದರು. "ಬನ್ರಪ್ಪ, ಅಳತೆ ತಗೊಳಲ್ಲ," ಎಂದು ಅವನೇ ಕೂಗಿ ನಗುತ್ತಿದ್ದ.

ಕೆಲಸದಲ್ಲಿ ಮಹಾ ಕಟ್ಟುನಿಟ್ಟು. ಹಲಗೆ ಮುಟ್ಟುವ ಮೊದಲು ಕೇಳುವುದು ಒಂದೇ, ಎಷ್ಟು ಹೊತ್ತಿನ ದಾರಿ? ಸತ್ತವರ ಕಡೆಯವರು ವಿಮಾನ ಹಾರುವ ತಾಸು ಹೇಳಿದರೆ ರೇಗಿಬಿಡುತ್ತಿದ್ದ. "ಹಾರೋ ಲೆಕ್ಕ ಯಾರಿಗೆ ಬೇಕ್ರೀ? ಮನೆಬಾಗಿಲು ಮುಟ್ಟೋಕೆ ಎಷ್ಟು ಹೊತ್ತು ಅಂತ ಹೇಳಿ. ನಡುವೆ ಎಲ್ಲೆಲ್ಲಿ ಇಳಿಸ್ತಾರೆ, ಎಷ್ಟು ಹೊತ್ತು ಬಿಸಿಲಲ್ಲಿ ಬಿಡ್ತಾರೆ, ಅದನ್ನ ಕೇಳ್ಕೊಂಡು ಬನ್ನಿ." ಒಂದು ದಿನದೊಳಗೆ ಮುಟ್ಟುವುದಾದರೆ ಮುಖದ ಮೇಲೆ ಗಾಜಿನ ಕಿಂಡಿ. ಅದಕ್ಕಿಂತ ಹೆಚ್ಚಾದರೆ ಒಳಗೆ ತಗಡು ಹೊದಿಸಿ, ಬೆಸುಗೆ ಹಾಕಿ, ಪೂರಾ ಮುಚ್ಚುವುದು. ಯಾರು ಕಾಲಿಗೆ ಬಿದ್ದರೂ ಅವನು ಜಗ್ಗುತ್ತಿರಲಿಲ್ಲ.

ಆಮೇಲೆ ಅವನ ತಮ್ಮನೇ ಹೋದ. ತಾನೇ ಕರೆಸಿಕೊಂಡಿದ್ದ ತಮ್ಮ, ಅಯ್ಯೋ, ಕಟ್ಟುತ್ತಿದ್ದ ಕಟ್ಟಡದ ಮೇಲಿನಿಂದ ಬಿದ್ದ. ಮುಖಕ್ಕೆ ಒಂದು ತರಚು ಗಾಯವೂ ಇರಲಿಲ್ಲ.

ಫೋನಿನಲ್ಲಿ ಅಮ್ಮ ಅಳಲಿಲ್ಲ. "ನಾನು ನಂಬಲ್ಲ ಕಣೋ. ಅವನ ಮುಖ ತೋರ್ಸು. ನೋಡಿದ ಮೇಲೇನೇ ನಂಬೋದು," ಎಂದಳು.

ತಮ್ಮನ ಜೊತೆಗೆ ತಾನೂ ಊರಿಗೆ ಹೋಗೋಣವೆಂದರೆ ಪೆಟ್ಟಿಗೆ ಅಂಗಡಿಯ ಮಾಲೀಕ ರಜೆ ಕೊಡಲಿಲ್ಲ, ಹಾಳಾದವನು. ಪೆಟ್ಟಿಗೆಯಣ್ಣನಿಗೆ ಕೈಕಾಲೇ ಆಡಲಿಲ್ಲ. ಸರಕು ಆಫೀಸಿನ ಗುಮಾಸ್ತನ ಮುಂದೆ ನಿಂತು, ಬೇರೆಯವರು ಕೇಳುವಂತೆಯೇ ಕೇಳಿಬಿಟ್ಟ: "ಎಷ್ಟು ಹೊತ್ತು ಹಾರತ್ತೆ ಸಾರ್?"

"ಒಂಬತ್ತು ತಾಸು."

ಗುಮಾಸ್ತ ಹೇಳಿದ್ದು ಸುಳ್ಳೇನಲ್ಲ. ನಡುವಿನ ನಿಲ್ದಾಣದ ಮಾತನ್ನು ಇವನು ಕೇಳಲಿಲ್ಲ, ಅವನು ಹೇಳಲಿಲ್ಲ. ಪೆಟ್ಟಿಗೆಯಣ್ಣ ಇದ್ದುದರಲ್ಲಿ ಒಳ್ಳೆಯ ಹಲಗೆ ಆರಿಸಿದ, ಗಾಜನ್ನು ತೊಟ್ಟ ಅಂಗಿಯ ತುದಿಯಲ್ಲೇ ಒರೆಸಿ ಕೂರಿಸಿದ. ಒಳಗೆ ತಮ್ಮ ನಿದ್ದೆ ಹೋದವನಂತೆ ಕಾಣುತ್ತಿದ್ದ.

ಪೆಟ್ಟಿಗೆಯನ್ನು ನಡುದಾರಿಯಲ್ಲಿ ಇಳಿಸಿದರು. ಮುಂದಿನ ವಿಮಾನದಲ್ಲಿ ಜಾಗವಿರಲಿಲ್ಲ. ತಗಡಿನ ಶೆಡ್ಡು, ಸುಡುವ ಬೇಸಿಗೆ. ಅದು ಮನೆ ಮುಟ್ಟಿದ್ದು ನಾಲ್ಕನೆಯ ದಿನ. ನೋಡುವುದು ಬೇಡವೆಂದು ನೆಂಟರು ಅಡ್ಡ ನಿಂತರು. ಅಮ್ಮ ಅವರನ್ನೆಲ್ಲ ತಳ್ಳಿ ಗಾಜಿನ ಮೇಲೆ ಬಗ್ಗಿದಳು.

ಫೋನು ಮಾಡಿದವಳೂ ಅವಳೇ. ದನಿಯಲ್ಲಿ ಸಂತೋಷ ಉಕ್ಕುತ್ತಿತ್ತು.

"ಲೋ, ಇವನು ನಮ್ಮೋನಲ್ಲ ಕಣೋ! ಯಾರ ಮಗನೋ ಏನೋ, ಪಾಪ, ತಪ್ಪಿ ಇಲ್ಲಿಗೆ ಕಳ್ಸಿದಾರೆ. ನಾನು ಹೆತ್ತ ಮಗನ ಮುಖ ನಂಗೆ ಗೊತ್ತಾಗಲ್ವಾ?"

'ಅವನು ನಮ್ಮೋನೇ ಅಮ್ಮ' ಎಂದು ಪೆಟ್ಟಿಗೆಯಣ್ಣ ಹೇಳಬೇಕಾದರೆ, ಆ ಮುಖ ಹಾಗಾದದ್ದು ಹೇಗೆಂದೂ ಹೇಳಬೇಕಿತ್ತು. ಹೆತ್ತವಳಿಗೆ ಅದನ್ನು ಯಾವ ಬಾಯಲ್ಲಿ ಹೇಳುವುದು?

ಈಗ ಅವನು ಯಾರ ಪೆಟ್ಟಿಗೆಗೂ ಗಾಜು ಇಡುವುದಿಲ್ಲ. ಅಮ್ಮ ವಾರಕ್ಕೊಮ್ಮೆ ಫೋನು ಮಾಡುತ್ತಾಳೆ. ಊಟ ಆಯ್ತಾ ಎಂದು ವಿಚಾರಿಸಿ, "ಎಲ್ಲಿ, ತಮ್ಮನ ಕೈಗೆ ಫೋನು ಕೊಡು," ಎನ್ನುತ್ತಾಳೆ.

"ಕೆಲಸಕ್ಕೆ ಹೋಗಿದಾನಮ್ಮ," ಎನ್ನುತ್ತಾನೆ ಪೆಟ್ಟಿಗೆಯಣ್ಣ.