ಕಡೂರು ಪ್ಲಾಟ್‌ಫಾರಂನಲ್ಲಿ ಮುಗಿದ ಕೋಲಾಟ

೧೯೭೧ರಲ್ಲಿ ನಾನು ಪಂಜಾಬಿನ ಗಡಿಯಲ್ಲಿ, ಒಂದು ಕಾಲಾಳು ಬೆಟಾಲಿಯನ್ನಿನ ಸಿಗ್ನಲ್ ಪ್ಲಟೂನಿನಲ್ಲಿ ನಾಯಕ್ ಆಗಿದ್ದೆ. ತೋಳಿನ ಮೇಲೆ ಎರಡು ಪಟ್ಟಿ, ಕೈಕೆಳಗೆ ಐದು ಜನ. ಫೀಲ್ಡ್ ಟೆಲಿಫೋನಿನ ತಂತಿ ಎಳೆಯುವುದು, ಶೆಲ್ ಬಿದ್ದು ಕಡಿದಾಗ ತಡಕಿಕೊಂಡು ಹೋಗಿ ಗಂಟು ಹಾಕುವುದು ನಮ್ಮ ಕೆಲಸ. ಬಂದೂಕಿಗಿಂತ ಇಕ್ಕಳ ಹಿಡಿದದ್ದೇ ಹೆಚ್ಚು.

ಆ ಐದು ಜನರಲ್ಲಿ ಒಬ್ಬ ಲೈನ್‌ಮನ್ ಹಾಲಪ್ಪ, ಸಖರಾಯಪಟ್ಟಣದವನು. ನಾನು ಅಜ್ಜಂಪುರದ ಮಗ್ಗುಲಿನವನು. ಇಬ್ಬರೂ ಊರಿನಲ್ಲಿ ಕೋಲಾಟದ ಮೇಳದಲ್ಲಿದ್ದವರು ಎಂದು ತಿಳಿದ ದಿನವೇ ಗುಡಾರದ ನಾಲ್ಕು ಗೂಟಗಳಿಗೆ ಹೊಸ ನೌಕರಿ ಸಿಕ್ಕಿತು. ನಾನು ಪದ ಎತ್ತುತ್ತಿದ್ದೆ, ಅವನು ಸೊಲ್ಲು ಹಿಡಿಯುತ್ತಿದ್ದ. ಸೊಲ್ಲು ಎಂದರೆ ಪ್ರತಿ ಸಾಲಿಗೂ ಮೇಳದವರು ತಿರುಗಿ ಕೊಡುವ ಉತ್ತರ. ನಮ್ಮದು ‘ಹೌದಣ್ಣ ಹೌದೋ’. ಯುದ್ಧ ಶುರುವಾದ ಮೇಲೆ ಬಂಕರಿನಲ್ಲಿ ಕುಣಿಯಲು ಜಾಗವಿರಲಿಲ್ಲ, ಕೂತೇ ಗೂಟ ಬಡಿದೆವು. ಮೇಲೆ ಶೆಲ್ ಸಿಡಿದು ತಲೆಯ ಮೇಲೆ ಮಣ್ಣು ಉದುರುವಾಗಲೂ ಗಢವಾಲದ ಅಡುಗೆಯವನು ‘ಹೌದಣ್ಣ ಹೌದೋ’ ಎಂದು ತಟ್ಟೆ ಬಾರಿಸುತ್ತಿದ್ದ. ಅರ್ಥ ಅವನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಆದರೆ ಭಯ ಕಡಿಮೆಯಾಗುತ್ತದೆ ಎಂದು ಅವನೇ ಹೇಳಿದ. ನನಗೂ ಹಾಗೇ ಆಗುತ್ತಿತ್ತು, ಒಪ್ಪಿಕೊಳ್ಳಲು ಈಗ ನಾಚಿಕೆಯಿಲ್ಲ.

ನಮ್ಮ ಮೇಳಗಳಲ್ಲಿ ಎರಡು ಕಟ್ಟುಪಾಡುಗಳಿದ್ದವು. ಪದ ನಡುವೆ ನಿಂತುಹೋದರೆ ಕುಣಿಯುವವರು ಎತ್ತಿದ ಕಾಲು ಎತ್ತಿದಂತೆಯೇ ನಿಂತುಬಿಡಬೇಕು, ಇದು ಮೊದಲನೆಯದು. ಮುಗಿಸುವ ಮಂಗಳದ ಪದ ಬಂದ ಕೂಡಲೇ ಸಾಲು ಬಿಟ್ಟು ಬಲಕ್ಕೆ ಒಂದು ಸುತ್ತು ಹಾಕಬೇಕು, ಇದು ಎರಡನೆಯದು. ಚಿಕ್ಕಂದಿನಲ್ಲಿ ಇವು ಕಾಲಿಗೆ ಹತ್ತಿಬಿಟ್ಟರೆ ಮತ್ತೆ ತಲೆಯನ್ನು ಕೇಳುವುದಿಲ್ಲ.

ಡಿಸೆಂಬರಿನಲ್ಲಿ ಕದನವಿರಾಮವಾಯಿತು. ಅದಾದ ನಾಲ್ಕನೆಯ ಬೆಳಿಗ್ಗೆ ಮುಂದಿನ ಠಾಣೆಯ ತಂತಿ ಸತ್ತಿತ್ತು. ಆ ಠಾಣೆಗೂ ನಮಗೂ ನಡುವೆ ನಮ್ಮವರೇ ಹೂತಿದ್ದ ಮೈನ್‌ಗಳ ಬಯಲು. ಅದರ ನಡುವೆ ಓಡಾಡಲು ಎರಡು ಗಜ ಅಗಲದ ದಾರಿ, ಎರಡೂ ಕಡೆ ಗುರುತಿಗೆ ಬಿಳಿ ಪಟ್ಟಿ. ಹಾಲಪ್ಪ ನಸುಕಿನಲ್ಲೇ ಹೋಗಿ ತಂತಿಗೆ ಗಂಟು ಹಾಕಿದ. ಹಿಂದಿರುಗುವಷ್ಟರಲ್ಲಿ ಮಂಜು ಇಳಿಯಿತು. ಪಂಜಾಬಿನ ಮಂಜು ನೋಡದವರಿಗೆ ಹೇಳುವುದಾದರೆ, ಚಾಚಿದ ಕೈಯ ಬೆರಳು ನನ್ನದೋ ಪಕ್ಕದವನದೋ ಎಂದು ಅನುಮಾನ ಬರುತ್ತದೆ.

ದಾರಿಯ ನಡುವೆ ಒಂದು ನೀರಿನ ಕಾಲುವೆ. ಅದರಿಂದ ಈಚೆಗೆ ಸುಮಾರು ಇಪ್ಪತ್ತೈದು ಹೆಜ್ಜೆಯುದ್ದಕ್ಕೂ ಬಿಳಿ ಪಟ್ಟಿ ಶೆಲ್ಲಿಗೆ ಹರಿದುಹೋಗಿತ್ತು. ತಂತಿ ಹಿಡಿದು ಬರೋಣವೆಂದರೆ ಅಲ್ಲಿ ಅದು ಕಂಬಗಳ ಮೇಲೆ, ಕೈಗೆಟುಕದಂತೆ ಹಾದಿತ್ತು. ಹಾಲಪ್ಪ ಆ ಕಾಲುವೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತುಬಿಟ್ಟಿದ್ದ. ನಾನು ಪಟ್ಟಿ ಉಳಿದಿದ್ದ ತುದಿಯವರೆಗೆ ಹೋಗಿ ಕೂಗಿದೆ.

“ಅಣ್ಣಾ, ದಿಕ್ಕೇ ಗೊತ್ತಾಗ್ತಿಲ್ಲ ಕಣಣ್ಣ. ಕಾಲು ಮರಗಟ್ಟೋಗೈತೆ, ಇನ್ನು ನಿಲ್ಲಾಕಾಗಲ್ಲ” ಎಂಬ ಉತ್ತರ ಬಂತು. ಹಲ್ಲು ಕಟಕಟಿಸುವುದು ಮಾತಿನಲ್ಲೇ ಕೇಳುತ್ತಿತ್ತು.

ಮೈನ್ ತೆಗೆಯುವ ಸ್ಯಾಪರ್‌ಗಳು ಬರಲು ನಾಲ್ಕು ಗಂಟೆ ಬೇಕಿತ್ತು. ಅಷ್ಟು ಹೊತ್ತು ಅವನು ತಡೆಯುವುದಿಲ್ಲ, ಕುಸಿದರೆ ಎಲ್ಲಿಗೆ ಬೀಳುತ್ತಾನೋ ಹೇಳಲಾಗದು. ದಾರಿ ಮಾತ್ರ ನೇರವಾಗಿತ್ತು, ನನ್ನ ದನಿಯ ಕಡೆಗೇ ಬಂದರೆ ಬದುಕುತ್ತಾನೆ. ಆದರೆ ಒಂದೊಂದೇ ಕೂಗು ಮಂಜಿನಲ್ಲಿ ನಾಲ್ಕೂ ಕಡೆಯಿಂದ ಬಂದಂತೆ ಕೇಳುತ್ತಿತ್ತು. ದನಿ ಕಡಿಯದಂತಿರಬೇಕು, ಅವನ ಉತ್ತರವೂ ನನಗೆ ಸಿಗುತ್ತಿರಬೇಕು. ಹಾಗೆ ಮಾಡುವ ಒಂದೇ ಉಪಾಯ ನಮ್ಮಿಬ್ಬರಿಗೂ ಗೊತ್ತಿತ್ತು.

“ಹಾಲ, ಪದ ಎತ್ತೀನಿ ಕಣೋ. ಸಾಲಿಗೊಂದು ಹೆಜ್ಜೆ, ಸೊಲ್ಲು ಬಿಡಬ್ಯಾಡ” ಎಂದೆ. ಹಳೆಯ ಪದದ ಧಾಟಿಗೆ ಬಾಯಿಗೆ ಬಂದದ್ದು ಸೇರಿಸಿದೆ.

“ಅವ್ವ ಕಟ್ಟಿದ ಬುತ್ತಿ ಆರೋಕೆ ಮುಂಚೆ ಬಾರೋ.”

“ಹೌದಣ್ಣ ಹೌದೋ.”

“ಹಟ್ಟಿ ಬಾಗಿಲು ಹತ್ರ ಐತೆ, ಅಡ್ಡಾಡದಂಗೆ ಬಾರೋ.”

“ಹೌದಣ್ಣ ಹೌದೋ.”

ಸೊಲ್ಲು ಅವನ ಎಡಗಡೆಗೆ ಜಾರಿದಂತೆ ಕೇಳಿದರೆ “ಬಲಕ್ಕೊಂದಿಷ್ಟು ವಾಲೋ” ಎಂದು ಸೇರಿಸುತ್ತಿದ್ದೆ. ಹನ್ನೆರಡು, ಹದಿನೈದು, ಹದಿನೆಂಟು ಹೆಜ್ಜೆ. ನನ್ನ ಹಿಂದೆ ಕಂಪನಿಯ ಕ್ಯಾಪ್ಟನ್ ಸಾಹೇಬರು ಬಂದು ನಿಂತಿದ್ದರು. ಮಂಜು ಒಂದಿಷ್ಟು ತೆಳುವಾಗಿ, ಏಳು ಹೆಜ್ಜೆ ದೂರದಲ್ಲಿ ಹಾಲಪ್ಪನ ಆಕಾರ ಮಸುಕಾಗಿ ಕಂಡಿತು. ನನಗೆ ಎಂಥ ಸಂತೋಷವಾಯಿತೆಂದರೆ, ಬುದ್ಧಿಗೆ ಮಂಕು ಕವಿದು ಮಂಗಳದ ಪದ ಎತ್ತಿಬಿಟ್ಟೆ.

ಹಾಲಪ್ಪನ ಕಾಲು ಕೇಳಬೇಕಲ್ಲ! ಸಾಲು ಬಿಟ್ಟು ಬಲಕ್ಕೆ ತಿರುಗಿತು.

ಬೇಡ ಎಂದು ಕೂಗಲು ದನಿಯೇ ಹೊರಡಲಿಲ್ಲ, ಪದ ಅರ್ಧಕ್ಕೆ ನಿಂತುಹೋಯಿತು. ಅದೇ ಒಳ್ಳೆಯದಾಯಿತು. ಪದ ಕಡಿದದ್ದೇ ತಡ, ಹಾಲಪ್ಪ ಬಲಗಾಲು ಗಾಳಿಯಲ್ಲಿ ಎತ್ತಿಕೊಂಡು ಒಂಟಿಕಾಲಿನಲ್ಲಿ ನಿಂತುಬಿಟ್ಟ, ಎರಡು ಕೈಗಳೂ ಇಲ್ಲದ ಕೋಲು ಹಿಡಿದಂತೆ ಮೇಲಕ್ಕೆ.

“ಕಾಲು ಎತ್ತಿದ ಜಾಗಕ್ಕೇ ಇಡೋ” ಎಂದು ದನಿ ಬಂದ ಕೂಡಲೇ ಹೇಳಿದೆ. ಇಟ್ಟ. ಮಾತಾಡುತ್ತಲೇ ಏಳು ಹೆಜ್ಜೆ ಕರೆತಂದು ಅಪ್ಪಿಕೊಂಡೆ. ಇಬ್ಬರೂ ಅತ್ತೆವು, ಆಮೇಲೆ ನಕ್ಕೆವು. ಮಧ್ಯಾಹ್ನ ಬಂದ ಸ್ಯಾಪರ್‌ಗಳು ಅವನು ಸುತ್ತು ಹಾಕಹೊರಟ ಜಾಗದಿಂದ ಒಂದು ಮೈನ್ ತೆಗೆದರು.

ಕ್ಯಾಪ್ಟನ್ ಸಾಹೇಬರು, ಇದು ಯಾವ ಸಿಗ್ನಲ್ ಪ್ರೊಸೀಜರ್ ಎಂದು ಹಿಂದಿಯಲ್ಲಿ ಕೇಳಿದರು. “ತರೀಕೆರೆ ತಾಲ್ಲೂಕಿನದು ಸರ್” ಎಂದೆ. ಹಾಲಪ್ಪ ನಡುಗುತ್ತಲೇ “ಕಡೂರಿಂದೂ ಸೇರಿಸು” ಎಂದ. ಅವನಿಗೆ ರಮ್ಮು, ಎರಡು ಕಂಬಳಿ ಕೊಟ್ಟರು. ನನಗೆ ಮಂಗಳವನ್ನು ತಪ್ಪಾದ ಜಾಗದಲ್ಲಿ ಎತ್ತಿದ್ದಕ್ಕೆ ಹಾಲಪ್ಪ ಮೂರು ತಿಂಗಳು ಬೈದ. ಆ ಮೂರು ತಿಂಗಳೂ ಅವನು ಗೂಟ ಮುಟ್ಟಲಿಲ್ಲ. “ಮಂಗಳ ಬಾಕಿ ಐತೆ. ಊರ ಮಣ್ಣು ತುಳಿದ ಮ್ಯಾಲೆ ಮುಗಿಸಾನ” ಎನ್ನುತ್ತಿದ್ದ.

೧೯೭೨ರ ಮಾರ್ಚಿನಲ್ಲಿ ರಜೆ ಸಿಕ್ಕಿತು. ರೈಲು ಮೊದಲು ಕಡೂರು, ಬೀರೂರು ದಾಟಿ ಆಮೇಲೆ ನನ್ನ ಅಜ್ಜಂಪುರ. ಕಡೂರಿನಲ್ಲಿ ಹಾಲಪ್ಪನ ತಾಯಿ ಸಖರಾಯಪಟ್ಟಣದಿಂದ ಬಸ್ಸು ಹಿಡಿದು ಬಂದು ಕಾಯುತ್ತಿದ್ದರು. ಅವನ ಟ್ರಂಕು ಇಳಿಸಲು ನಾನೂ ಇಳಿದೆ. ತಾಯಿ ಎರಡು ಮಾರು ದೂರದಲ್ಲಿ ಕೈಚಾಚಿ ಬರುತ್ತಿದ್ದಾರೆ, ಇವನು ಪ್ಲಾಟ್‌ಫಾರಂ ಮೇಲೆ ಬಲಗಾಲು ಎತ್ತಿಕೊಂಡು ನಿಂತುಬಿಟ್ಟ! ಯೂನಿಫಾರ್ಮಿನಲ್ಲಿ, ಅಷ್ಟು ಜನರ ಎದುರಿಗೆ.

“ಯಾಕಪ್ಪಾ, ಕಾಲಿಗೇನಾಯ್ತೋ?” ತಾಯಿ ಗಾಬರಿಯಾದರು.

“ಏನಿಲ್ಲ ಕಣವ್ವ. ಶಿವಣ್ಣ ಪದ ನಡುವೆ ಬಿಟ್ಟವ್ನೆ. ಮುಗಿಸೋಗಂಟ ಈ ಕಾಲು ಇಳಿಸಕಿಲ್ಲ” ಎಂದು ನನ್ನತ್ತ ಕೈ ತೋರಿಸಿದ.

ಗಾರ್ಡ್ ಶಿಳ್ಳೆ ಊದಿದ. ಓಡಿದ್ದರೆ ಗಾಡಿ ಸಿಗುತ್ತಿತ್ತು. ಆದರೆ ಇವನನ್ನು ಎರಡನೆಯ ಸಲ ಒಂಟಿಕಾಲಿನಲ್ಲಿ ಬಿಟ್ಟು ಹೋಗಲು ನನ್ನಿಂದ ಆಗಲಿಲ್ಲ. ಮಂಗಳ ಎತ್ತಿದೆ. ಸೊಲ್ಲು ಕೊಡಬೇಕಾದ ಹಾಲಪ್ಪ ತಾಯಿಯ ಮುಖ ನೋಡಿ ಅತ್ತುಬಿಟ್ಟ. ಆಗ ಆ ತಾಯಿ, ಮೈನ್ ಎಂದರೇನೆಂದೇ ಗೊತ್ತಿಲ್ಲದವರು, ಸೆರಗು ಸಿಕ್ಕಿಸಿಕೊಂಡು ಗಟ್ಟಿಯಾಗಿ ಹಿಡಿದರು: “ಹೌದಣ್ಣ ಹೌದೋ!” ತೆಂಗಿನಕಾಯಿ ಮೂಟೆ ಹೊರುವ ಇಬ್ಬರು ಹಮಾಲಿಗಳೂ ದನಿಗೂಡಿಸಿದರು. ಹಾಲಪ್ಪ ಬಲಕ್ಕೆ ಒಂದು ಸುತ್ತು ಪೂರ್ತಿ ತಿರುಗಿ, ತಾಯಿಯ ಎದುರಿಗೆ ಬಂದು ಕಾಲು ಇಳಿಸಿದ. ನನ್ನ ಟ್ರಂಕು ಹೊತ್ತ ರೈಲು ಅಷ್ಟರಲ್ಲಿ ಬೀರೂರಿನ ದಿಕ್ಕಿಗೆ ಹೊರಟುಹೋಗಿತ್ತು.

ಮುಂದೆ ಎಂಬತ್ತರ ದಶಕದಲ್ಲಿ ನಾನು ಸಿಗ್ನಲ್ ತರಬೇತಿ ಕೊಡುವ ಹವಾಲ್ದಾರನಾದೆ. ತಂತಿ ಎಳೆದು, ಗಂಟು ಹಾಕಿ, ಕೆಲಸ ಮುಗಿಯಿತೆಂದು ಎದ್ದುಬಿಡುವ ಹೊಸಬರನ್ನು ಹಿಡಿದು ಕೂರಿಸುತ್ತಿದ್ದೆ. ಆ ಕಡೆಯಿಂದ ಉತ್ತರ ಕೇಳುವವರೆಗೆ ಅದು ಬರೀ ತಂತಿ, ಏಳಬೇಡಿ ಎನ್ನುತ್ತಿದ್ದೆ. ಪುಸ್ತಕದಲ್ಲೂ ಹಾಗೇ ಬರೆದಿತ್ತು. ನಾನು ಕಲಿತದ್ದು ಮಾತ್ರ ಕಡೂರಿನಲ್ಲಿ, ಆ ತಾಯಿ ಸೊಲ್ಲು ಹಿಡಿದಾಗ.