ಹೀಚಿಗೆ ಬಳಿದ ಬಣ್ಣ

ಇವತ್ತು ಈಸ್ಟರ್. ಮಗಳು ಬೇಯಿಸಿದ ಮೊಟ್ಟೆಗೆ ಬಣ್ಣ ಬಳಿಯುತ್ತಿದ್ದಾಳೆ. ಆ ಬಣ್ಣದ ವಾಸನೆಗೆ ತಿಪಟೂರಿನ ಬಾಡಿಗೆ ಮನೆ ನೆನಪಾಯಿತು.

ಓನರ್ ಮನೆಯವರು ಮೊಟ್ಟೆ ಮುಟ್ಟದವರು. ಹಾಗಾಗಿ ಅಮ್ಮ ಅವರ ತೋಟದಲ್ಲಿ ಉದುರಿದ ತೆಂಗಿನ ಹೀಚುಗಳನ್ನು ಆರಿಸಿ ತರುತ್ತಿದ್ದಳು. "ಯೇಸಪ್ಪಂಗೆ ಇದೂ ನಡೀತದೆ ಬುಡ್ರೋ" ಎನ್ನುತ್ತಿದ್ದಳು. ನಾನೂ ತಂಗಿಯೂ ಅವಕ್ಕೇ ಬಣ್ಣ ಬಳಿದು ಜಗಲಿಯ ಬುಟ್ಟಿಯಲ್ಲಿ ಜೋಡಿಸುತ್ತಿದ್ದೆವು.

ಒಂದು ಈಸ್ಟರಿನಲ್ಲಿ ಓನರಮ್ಮ ಆ ಬುಟ್ಟಿ ನೋಡಿ ಕಿರುಚಿದರು. ಅಮ್ಮ ಈಳಿಗೆಮಣೆ ತಂದು ಒಂದನ್ನು ಹೋಳು ಮಾಡಿ ತೋರಿಸಿದಳು. "ಹೀಚು ಕಣ್ರೀ, ನಿಮ್ಮ ತೋಟದ್ದೇ."

"ಇವತ್ತು ಹೀಚು, ನಾಳೆ ಮೊಟ್ಟೆನೇ ತತ್ತೀರ. ಮನೆ ಖಾಲಿ ಮಾಡ್ಬುಡಿ" ಅಂದರು. ಮಾಡಿದೆವು.

ಈಗಿರುವುದು ಸ್ವಂತ ಮನೆ. ಆದರೂ ಅಮ್ಮ ಎದ್ದು ಹೋಗಿ ಬೀದಿ ಕಡೆಯ ಕಿಟಕಿ ಮುಚ್ಚಿದಳು. "ಸಿಪ್ಪೇನ ಪೇಪರಲ್ಲಿ ಸುತ್ತಿ ಬಿಸಾಕೇ" ಎಂದು ಮೊಮ್ಮಗಳಿಗೆ ಪಿಸುಗುಟ್ಟಿದಳು.